ಕನ್ನಡಿಯನ್ನು ಕಳೆದುಕೊಂಡ ಕ್ಯಾಮೆರಾ

2010ರ ನಿಕಾನ್ ಡಿ3100 ಕ್ಯಾಮೆರಾವನ್ನು ಮಾರಿ, 2019ರಲ್ಲಿ ಹೊರಬಂದ ಝಡ್50 ಕೊಳ್ಳಬಹುದೇ ಎಂದು ವಿದ್ಯಾರ್ಥಿಯೊಬ್ಬನು ನಮ್ಮನ್ನು ಕೇಳಿದನು. ಹಣವು ಅವನ ಸ್ವಂತ ಉಳಿತಾಯ, ಹಗುರವಾಗಿ ಉತ್ತರಿಸುವಂತಿರಲಿಲ್ಲ.

ಹಳೆಯ ಯಂತ್ರದಲ್ಲಿ ಮಸೂರದ ಹಿಂದೆ ಓರೆಯಾಗಿ ನಿಂತ ಕನ್ನಡಿಯು ಬೆಳಕನ್ನು ಮೇಲಕ್ಕೆ, ನಮ್ಮ ಕಣ್ಣಿನತ್ತ ಕಳುಹಿಸುವುದು. ಅದರ ಬೆನ್ನಿಗಿರುವ ಪುಟ್ಟ ಕನ್ನಡಿಯೊಂದು ಬೆಳಕಿನ ಒಂದಂಶವನ್ನು ಕೆಳಗೆ, ನಾಭಿಯನ್ನು ಅಳೆಯುವ ಸಂವೇದಕಕ್ಕೆ ತಿರುಗಿಸುವುದು. ಗುಂಡಿಯನ್ನೊತ್ತಿದೊಡನೆ ಕನ್ನಡಿಗಳು ಮೇಲೆದ್ದು ಬೆಳಕು ಚಿತ್ರಸಂವೇದಕವನ್ನು ಮುಟ್ಟುವುದು. ಅಳೆಯುವ ಸ್ಥಳವೊಂದು, ಚಿತ್ರ ಮೂಡುವ ಸ್ಥಳ ಇನ್ನೊಂದು! ಎರಡು ಹಾದಿಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ, ಅಗಲವಾದ ದ್ವಾರದಲ್ಲಿ ಮೂಗು ಸ್ಪಷ್ಟವಾಗಿ ಕಣ್ಣು ಮಸುಕಾದೀತು.

ಹೊಸದರಲ್ಲಿ ಚಿತ್ರಸಂವೇದಕವೇ ನಾಭಿಯನ್ನೂ ಅರಸುವುದರಿಂದ ಈ ದೋಷಕ್ಕೆ ಎಡೆಯಿಲ್ಲ. ಕನ್ನಡಿಯ ಜಾಗ ಉಳಿದು, ಮಸೂರದ ಪೀಠಕ್ಕೂ ಸಂವೇದಕಕ್ಕೂ ನಡುವಣ ಅಂತರವು 46.5 ಮಿಲಿಮೀಟರಿನಿಂದ 16ಕ್ಕೆ ಇಳಿದಿದೆ. ಬೆಳಕು ಹೆಚ್ಚಿತೆ? ಇಲ್ಲ. ಎರಡರ ಸಂವೇದಕಗಳೂ ಹೆಚ್ಚುಕಡಿಮೆ ಒಂದೇ ಅಳತೆಯವು. ದ್ವಾರವೂ ಅವಧಿಯೂ ಒಂದೇ ಆದರೆ ಬೀಳುವ ಬೆಳಕೂ ಒಂದೇ. ಮಂದಪ್ರಕಾಶದಲ್ಲಿ ಹೊಸದರ ಚಿತ್ರ ಹೆಚ್ಚು ನಿರ್ಮಲ, ನಿಜ. ಆದರೆ ಒಳಗಿನ ಪರದೆ ಸದಾ ಬೆಳಗುತ್ತಿರಬೇಕಾದುದರಿಂದ ಬ್ಯಾಟರಿ ಬೇಗ ಬರಿದಾಗುವುದು.

ಹಾರುವ ಹಕ್ಕಿಯನ್ನು ಹಿಡಿಯುವವನಾಗಿದ್ದರೆ ಕೊಳ್ಳೆನ್ನುತ್ತಿದ್ದೆವು. ಇವನು ತೆಗೆಯುವುದು ಕತ್ತಲ ಗುಡಿಗಳೊಳಗಿನ ಶಾಸನಗಳನ್ನು. ಕಲ್ಲು ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುವುದು. ಗಟ್ಟಿಯಾದ ಟ್ರೈಪಾಡೊಂದನ್ನು ಕೊಳ್ಳಲು ಹೇಳಿದೆವು.