ಹುಣಸೆಯ ಕೊಡತಿ

ಮರಗೆಲಸ ಕಲಿಯಲು ಬಂದ ಹುಡುಗರು ಮೊದಲು ಕೇಳುವುದು ಉಳಿಯ ಬಗ್ಗೆ: ಯಾವ ಕಂಪನಿಯದು, ಬೆಲೆ ಎಷ್ಟು. ಕೊಡತಿಯ ಸುದ್ದಿ ಯಾರೂ ಎತ್ತುವುದಿಲ್ಲ. ಕೈಗೆ ಸಿಕ್ಕ ಕಬ್ಬಿಣದ ಸುತ್ತಿಗೆಯಲ್ಲೇ ಬಾರಿಸುತ್ತಾರೆ. ಎರಡು ವಾರದಲ್ಲಿ ಉಳಿಯ ಹಿಡಿಯ ತಲೆ ಜಗಿದ ಬೇವಿನ ಕಡ್ಡಿಯ ಹಾಗೆ ನಾರುನಾರಾಗುತ್ತದೆ. ಕಬ್ಬಿಣದ ಪೆಟ್ಟು ಚಿಕ್ಕ ಜಾಗಕ್ಕೆ ಬಿದ್ದು ಪುಟಿಯುತ್ತದೆ. ಮರದ ಕೊಡತಿ ಅಗಲ ಮುಖದಿಂದ ಒತ್ತಿ ತಳ್ಳುತ್ತದೆ. ಸವೆಯಬೇಕಾದ್ದು ಕೊಡತಿ, ಉಳಿಯಲ್ಲ.

ನಾನು ಸೊರಬದ ಕಡೆಯವನು, ಗುಡಿಗಾರರ ಗಂಧದ ಕೆತ್ತನೆ ನೋಡುತ್ತ ಬೆಳೆದವನು. ಅಪ್ಪಯ್ಯ ಬಾಗಿಲು, ದೇವರ ಮಂಟಪ ಮಾಡುತ್ತಿದ್ದರು. ಅವರ ಬಳಿ ಎರಡು ಕೊಡತಿಗಳಿದ್ದವು. ಬಾಗಿಲುವಾಡದ ಕಚ್ಚು ತೋಡಲು ಮುಕ್ಕಾಲು ಕಿಲೋ ತೂಗುವ ಚೌಕದ್ದು. ಹೂಬಳ್ಳಿ ಕೆತ್ತಲು ಅದಕ್ಕಿಂತ ಹಗುರವಾದ ಗುಂಡನೆಯದು. ಕೆತ್ತುವವನ ಕಣ್ಣು ಉಳಿಯ ಬಾಯಿಯ ಮೇಲಿರಬೇಕು. ಗುಂಡು ಕೊಡತಿ ಕೈಯಲ್ಲಿ ಹೇಗೆ ತಿರುಗಿದರೂ ಪೆಟ್ಟು ಒಂದೇ ತರಹ ಬೀಳುವುದರಿಂದ ಅದರ ಕಡೆ ನೋಡುವ ಕೆಲಸವೇ ಇಲ್ಲ.

ಮರ ಯಾವುದು? ಗಾಡಿಯ ಚಕ್ರಕ್ಕೆ ಒದಗುವ ಜಾಲಿ ಆದೀತು. ನನ್ನ ಆಯ್ಕೆ ಮಾತ್ರ ಹುಣಸೆಯ ಚೇಗು. ಮಾಂಸದಂಗಡಿಯ ಕೊರಡು ನೋಡಿ, ಹುಣಸೆಯದು. ದಿನವೂ ಕತ್ತಿಯ ಏಟು ತಿಂದರೂ ಸೀಳುವುದಿಲ್ಲ. ಅದರ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ನನ್ನ ಮೊದಲ ಕೊಡತಿ ಹುಣಸೆಯದೇ ಆಗಿತ್ತು, ಆದರೂ ಉಳಿಯಲಿಲ್ಲ. ಹಸಿ ಕೊಂಬೆಯನ್ನು ತಿರುಳಿನ ಸಮೇತ ಕಡೆಸಿದ್ದೆ. ಮಾರ್ಚ್ ಬಿಸಿಲಿಗೆ ನಡುವಿನಿಂದ ಅಂಚಿನವರೆಗೆ ಬೆರಳು ತೂರುವಷ್ಟು ಬಿರುಕು. ಅಪ್ಪಯ್ಯ ಬೈಯಲಿಲ್ಲ. ಆ ಬಿರುಕಿಗೆ ಉಗುರಿಟ್ಟು, "ತಿರುಳು ಬಿಟ್ಟು ಪಕ್ಕದ ಹೋಳು ತಗೋಬೇಕಿತ್ತು ಮಾರಾಯ" ಅಂದರು. ತುಂಡಿನ ಎರಡೂ ತುದಿಗೆ ಮೇಣ ಬಳಿದು ನೆರಳಲ್ಲಿಡುವುದನ್ನೂ ಆವತ್ತೇ ಕಲಿತೆ. ನೀರು ತುದಿಗಳಿಂದ ಬೇಗ ಆರಿದರೆ ಅಲ್ಲೇ ಸೀಳು ಹುಟ್ಟುತ್ತದೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ರೂಢಿಯ ಲೆಕ್ಕ.

ಚೌಕದ ಕೊಡತಿಗೆ ಕಾವು ಹಾಕುವುದು ಪಿಕಾಸಿಗೆ ಹಾಕಿದಂತೆ. ತಲೆಯ ತೂತು ಮೇಲೆ ಅಗಲ, ಕೆಳಗೆ ಕಿರಿದು. ಕಾವಿನ ದಪ್ಪ ತುದಿ ಮೇಲುಳಿಯುವಂತೆ ಮೇಲಿನಿಂದಲೇ ಇಳಿಸಬೇಕು. ಬೀಸಿದಷ್ಟೂ ಬಿಗಿಯಾಗುತ್ತದೆ, ಬೆಣೆ ಬೇಡ, ತಲೆ ಹಾರುವ ಭಯವಿಲ್ಲ. ಹೊಡೆಯುವ ಎರಡು ಮುಖಗಳನ್ನು ಕಾವಿನ ಕಡೆಗೆ ತುಸು ಓರೆಯಾಗಿ ಕೊಯ್ಯಿರಿ. ಮೊಣಕೈಯಿಂದ ತೋಳು ಬಾಗಿ ಬರುವಾಗ ಮುಖ ಉಳಿಯ ಮೇಲೆ ನೇರ ಕೂರುತ್ತದೆ.

ಕೊಂಡುಕೊಳ್ಳುವವರು ಅಂಗಡಿಯಲ್ಲೇ ಹತ್ತು ಸಲ ಬೀಸಿ ನೋಡಲಿ. ಮಣಿಕಟ್ಟು ಎಳೆದರೆ ಅದು ನಿಮ್ಮದಲ್ಲ. ಹೊಳೆಯುವ ವಾರ್ನಿಷ್‌ಗೆ ಮರುಳಾಗಬೇಡಿ, ಅದು ಬಿರುಕನ್ನು ಮುಚ್ಚುತ್ತದೆ, ಬೆವರಿದ ಕೈಯಲ್ಲಿ ಜಾರುತ್ತದೆ. ಅಗಸೆ ಎಣ್ಣೆ ಒರೆಸಿದರೆ ಸಾಕು.

ಹೋದ ಬೇಸಿಗೆಯಲ್ಲಿ ಹಿತ್ತಲ ಹುಣಸೆ ಬಿತ್ತು. ಮೂರಿಂಚಿನ ಎರಡು ತುಂಡು ಅಟ್ಟದ ಮೇಲಿವೆ. ಇನ್ನೆರಡು ವರ್ಷ ಅವನ್ನು ಮುಟ್ಟುವುದಿಲ್ಲ.