ಸೈಲೆನ್ಸರ್ ಗಲಗಲ: ನಂಜನಗೂಡಿನ ಒಂದು ಕಿವಿಯ ಕಸುಬು

ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಮೇಸ್ತ್ರಿ ತಲೆ ಎತ್ತಿದರು. ‘ಎಡಗಡೇದು’ ಎಂದಷ್ಟೇ ಹೇಳಿ ಮತ್ತೆ ಕೈಯಲ್ಲಿದ್ದ ಕಾರ್ಬುರೇಟರ್ ಒರೆಸತೊಡಗಿದರು. ಬಂದು ನಿಂತದ್ದು ಯೆಜ್ಡಿ ರೋಡ್‌ಕಿಂಗ್ ಬೈಕು. ಸೈಲೆನ್ಸರ್ ತೂತು ಬಿದ್ದಿದೆ, ವೆಲ್ಡಿಂಗ್ ಹೊಡೆದು ಕೊಡಿ ಎಂದು ಸವಾರನ ಅವಸರ. ಮೇಸ್ತ್ರಿಗೆ ಅವಸರವೇ ಇಲ್ಲ.

ನಂಜನಗೂಡಿನ ಪೇಟೆಯ ಹಿಂದಿನ ಬೀದಿಯಲ್ಲಿರುವ ಈ ಗ್ಯಾರೇಜಿಗೆ ಬೋರ್ಡಿಲ್ಲ. ಹಿರಿಯರು ತಮ್ಮ ಹೆಸರನ್ನೂ ಹಾಕಬೇಡಿ ಎಂದರು. ಈಗ ಇರುವ ಗಾಡಿಗಳನ್ನೇ ಮುಗಿಸಿಕೊಡಲು ಆಗುತ್ತಿಲ್ಲವಂತೆ. ಹಳೆಯ ಜಾವಾ–ಯೆಜ್ಡಿಗಳ ಗಲಗಲ ಸದ್ದಿನ ಮೂಲ ಹಿಡಿಯುವುದರಲ್ಲಿ ಅವರದು ಎತ್ತಿದ ಕೈ.

ಈ ಗಾಡಿಗಳಿಗೆ ಸಿಲಿಂಡರ್ ಒಂದೇ, ಹೊಗೆ ಹೋಗುವ ದಾರಿ ಎರಡು. ಎಡಕ್ಕೊಂದು, ಬಲಕ್ಕೊಂದು ಬೆಂಡ್ ಪೈಪು. ಅವುಗಳ ಹಿಂದೆ ಉದ್ದನೆಯ ಜೋಡಿ ಸೈಲೆನ್ಸರು. ಮೇಸ್ತ್ರಿ ಮೊದಲು ಗಾಡಿಯನ್ನು ಐಡಲಿಂಗ್‌ನಲ್ಲಿ ಬಿಟ್ಟು ಸುಮ್ಮನೆ ಕೂತರು. ಆಮೇಲೆ ಆಕ್ಸಿಲರೇಟರನ್ನು ನಿಧಾನವಾಗಿ ತಿರುವುತ್ತ ಹೋದರು. ಒಂದು ಹಂತದಲ್ಲಿ ಗಲಗಲ ಜೋರಾಯಿತು. ಇನ್ನಷ್ಟು ತಿರುವಿದರೆ ಮಾಯ. ತೂತಾಗಿದ್ದರೆ ರೇಸ್ ಕೊಟ್ಟಷ್ಟೂ ಸದ್ದು ಏರಬೇಕಿತ್ತು, ಒಂದೇ ಕಡೆ ಕುಣಿದು ಸುಮ್ಮನಾಗುತ್ತಿದೆ ಅಂದರೆ ಯಾವುದೋ ಲೂಸಾಗಿದೆ ಎನ್ನುವುದು ಅವರ ಲೆಕ್ಕ.

ಲೆಕ್ಕ ಸರಿಯಾಗಿಯೇ ಇದೆ. ಟೂ ಸ್ಟ್ರೋಕ್ ಎಂಜಿನ್ ಪ್ರತಿ ಸುತ್ತಿಗೂ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 2,400 ಸುತ್ತು ಎಂದರೆ ಸೆಕೆಂಡಿಗೆ 40 ಹೊಡೆತ. ಪ್ರತಿ ತಗಡಿಗೂ ಬ್ರಾಕೆಟ್ಟಿಗೂ ತನ್ನದೇ ಕಂಪನದ ವೇಗವಿರುತ್ತದೆ. ಹೊಡೆತದ ವೇಗ ಅದಕ್ಕೆ ಹೊಂದಿದ ಕ್ಷಣದಲ್ಲಿ ಸಡಿಲವಾದ ಭಾಗ ಕುಣಿಯುತ್ತದೆ, ಹೊಂದಾಣಿಕೆ ತಪ್ಪಿದೊಡನೆ ನಿಲ್ಲುತ್ತದೆ.

ಮುಂದಿನದು ಒದ್ದೆ ಗೋಣಿಚೀಲದ ಪರೀಕ್ಷೆ. ಮಡಿಸಿದ ಗೋಣಿಯನ್ನು ಎಡ ಸೈಲೆನ್ಸರಿನ ಬಾಲಕ್ಕೆ ಒಂದೆರಡು ಕ್ಷಣ ಒತ್ತಿ ಹಿಡಿದರು. ಜಾಯಿಂಟ್ ಬಿಟ್ಟಿದ್ದರೆ ನೀಲಿ ಹೊಗೆ ಅಲ್ಲಿಂದ ಇಣುಕುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲ್ ಕುಡಿಯುವ ಗಾಡಿಗೆ ಇದೊಂದು ಅನುಕೂಲ. ಹೊಗೆ ಎಲ್ಲೂ ಬರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚೈನ್ ಕವರಿಗೆ, ಫುಟ್‌ರೆಸ್ಟಿಗೆ ಇಟ್ಟು ಹಿಡಿಗೆ ಕಿವಿ ಕೊಟ್ಟರು. ಚೈನನ್ನು ಪೂರ್ತಿ ಮುಚ್ಚಿದ ಕವರ್ ಇರುವ ಈ ಗಾಡಿಗಳಲ್ಲಿ, ಸಡಿಲ ಚೈನು ಒಳಗಿಂದ ತಗಡಿಗೆ ಬಡಿದು ಸೈಲೆನ್ಸರಿನ ಮೇಲೆ ಅಪವಾದ ಹೊರಿಸುವುದು ಸಾಮಾನ್ಯವಂತೆ. ಕೊನೆಗೆ ಎಂಜಿನ್ ಆರಿಸಿ, ತಣ್ಣಗಾಗಲು ಬಿಟ್ಟು, ರಬ್ಬರ್ ಸುತ್ತಿಗೆಯಲ್ಲಿ ಸೈಲೆನ್ಸರಿನ ಉದ್ದಕ್ಕೂ ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರಂತೆ ತಟ್ಟಿ ತಟ್ಟಿ ಕೇಳಿದರು. ಬಾಲದ ಹತ್ತಿರ ಸದ್ದು ಒಡೆಯಿತು.

ತುದಿಯ ನಟ್ ಬಿಚ್ಚಿ ಒಳಗಿನ ಬ್ಯಾಫಲ್ ಎಳೆದಾಗ ನೋಡಬೇಕಿತ್ತು: ತೂತುಗಳೆಲ್ಲ ಅರ್ಧ ಮುಚ್ಚಿ, ಟಾರು ಬಳಿದ ಕೊಳವೆ. ಅದನ್ನು ಬಿಗಿ ಹಿಡಿಯಬೇಕಿದ್ದ ವಾಷರ್ ಸವೆದು ಬ್ಲೇಡಿನಷ್ಟು ತೆಳ್ಳಗಾಗಿತ್ತು. ಸವಾರ ತಂದಿದ್ದ ದೂರಿಗೆಲ್ಲ ಕಾರಣ ಈ ವಾಷರ್ರು. ವೆಲ್ಡಿಂಗ್ ಹೊಡೆದಿದ್ದರೆ ಕ್ರೋಮಿಯಂ ಸುಟ್ಟುಹೋಗುತ್ತಿತ್ತು, ಗಲಗಲ ಮಾತ್ರ ಹಾಗೇ ಉಳಿಯುತ್ತಿತ್ತು.

ಕಾರ್ಬನ್ ತೆಗೆಯಲು ಬ್ಯಾಫಲನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕುತ್ತಾರೆ. ಕೈಗೆ ಗ್ಲೌಸ್ ಬೇಕೇಬೇಕು. ಅಲ್ಯೂಮಿನಿಯಂ ಭಾಗವನ್ನು ಅಪ್ಪಿತಪ್ಪಿಯೂ ಆ ನೀರಿಗೆ ಹಾಕಬಾರದು, ತಿಂದುಹಾಕುತ್ತದೆ. ಉಳಿದದ್ದು ತಂತಿ ಬ್ರಷ್ಷಿನ ಕೆಲಸ.

ಜೋಡಣೆಯಲ್ಲಿ ಮೇಸ್ತ್ರಿ ತೀರಾ ಕಟ್ಟುನಿಟ್ಟು. ಎಲ್ಲವನ್ನೂ ಮೊದಲು ಸಡಿಲವಾಗಿ ಕೂರಿಸಬೇಕು. ಸಿಲಿಂಡರಿನ ಬಾಯಿಯ ದುಂಡು ನಟ್ಟಿಗೆ ಹೊಸ ಗ್ಯಾಸ್ಕೆಟ್ ಕೊಟ್ಟು ಅದನ್ನು ಮೊದಲು ಬಿಗಿಯಬೇಕು. ಆಮೇಲೆ ನಡುವಿನ ಕ್ಲಾಂಪು, ಕಟ್ಟಕಡೆಗೆ ಹಿಂದಿನ ಬ್ರಾಕೆಟ್ಟು. ಉಲ್ಟಾ ಬಿಗಿದರೆ ಪೈಪು ಎಳೆತಕ್ಕೆ ಸಿಕ್ಕಿ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ. ಅರವತ್ತು ಸೆಂಟಿಮೀಟರಿನ ಉಕ್ಕಿನ ಪೈಪು 300 ಡಿಗ್ರಿಯಷ್ಟು ಹೆಚ್ಚು ಕಾದರೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಆ ಬೆಳವಣಿಗೆಗೆ ಜಾಗ ಬೇಕು. ಅದಕ್ಕೇ ಒಂದು ರೌಂಡ್ ಓಡಿಸಿ ತಂದ ಮೇಲೆ ಇನ್ನೊಮ್ಮೆ ಸ್ಪ್ಯಾನರ್ ಹಾಕದೆ ಗಾಡಿ ಕೊಡುವುದಿಲ್ಲ.

ಇದೇ ಗಾಡಿಗಳ ಚರಿತ್ರೆಯನ್ನು ಅವರು ನಾಲ್ಕೇ ಮಾತಿನಲ್ಲಿ ಮುಗಿಸಿದರು. ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು, ಜೆಕ್ ದೇಶದ ತಂತ್ರಜ್ಞಾನದ ಗಾಡಿಗಳು 1961ರಿಂದ ಹೊರಬಂದವು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ರೋಡ್‌ಕಿಂಗ್, 1996ರಲ್ಲಿ ಬೀಗ.

ನಂಜನಗೂಡು, ಮೈಸೂರು, ತಿ. ನರಸೀಪುರಗಳನ್ನು ಪೋಣಿಸುವುದು ಕೋಯಿಕ್ಕೋಡ್–ಕೊಳ್ಳೇಗಾಲದ ಒಂದೇ ಹೆದ್ದಾರಿ. ಕಪಿಲೆ ಕಾವೇರಿಯನ್ನು ಸೇರುವ ನರಸೀಪುರದ ಕಡೆಯಿಂದ ಈ ಗ್ಯಾರೇಜಿಗೆ ಬರುವ ಗಾಡಿಗಳ ಕಾಯಿಲೆಯೇ ಬೇರೆ. ಅಲ್ಲಿ ಈ ಗಾಡಿಗಳು ಭತ್ತ, ಕಬ್ಬಿನ ಗದ್ದೆ ಬದಿಯಲ್ಲಿ, ರೇಷ್ಮೆ ಗೂಡಿನ ಮೂಟೆ ಹೊತ್ತು ದುಡಿದಂಥವು. ಬ್ರಾಕೆಟ್ ಮುರಿದು ಬಂದವೇ ಹೆಚ್ಚು. ಈಗ ಕೊಟ್ಟಿಗೆಯಲ್ಲಿ ನಿಂತು, ಬರೀ ಸಂತೆಗೆ ಹೋಗಿಬರುವವು ತುಕ್ಕಿನಿಂದ ಸಾಯುತ್ತಿವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರೇ ಹುಟ್ಟುತ್ತದೆ. ಪೈಪು ಚೆನ್ನಾಗಿ ಕಾದರೆ ಅದು ಆವಿಯಾಗಿ ಹೋಗುತ್ತದೆ, ಇಲ್ಲವಾದರೆ ಒಳಗೇ ನಿಲ್ಲುತ್ತದೆ. ವಾರಕ್ಕೊಮ್ಮೆ ಮಾತ್ರ ಶೆಡ್ಡಿನಿಂದ ಹೊರಬರುವ ಹಳೆಯ ಸ್ಪೋರ್ಟ್ಸ್ ಕಾರುಗಳ ಸೈಲೆನ್ಸರ್ ಕೊಳೆಯುವುದೂ, ಒಳಗಿನ ಬ್ಯಾಫಲ್ ಉದುರಿ ಗಲಗಲ ಎನ್ನುವುದೂ ಇದರಿಂದಲೇ. ಕಾರಿನಲ್ಲಿ ಶಾಖ ತಡೆಯುವ ತಗಡು, ಪೈಪನ್ನು ತೂಗುಹಾಕುವ ರಬ್ಬರುಗಳನ್ನೂ ನೋಡಬೇಕು. ಉಳಿದಂತೆ ಹುಡುಕುವ ಕ್ರಮ ಒಂದೇ.

ಜಾವಾ ಹೆಸರಿನ ಹೊಸ ಗಾಡಿಗಳು 2018ರಲ್ಲಿ, ಯೆಜ್ಡಿ ಹೆಸರಿನವು 2022ರಲ್ಲಿ ಬಂದವು. ಅವು ಫೋರ್ ಸ್ಟ್ರೋಕ್. ಮೇಸ್ತ್ರಿಗೆ ಅವುಗಳ ಜೊತೆ ವ್ಯವಹಾರವಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನವೆಂದು ಹಳೆಯ ಗಾಡಿಗಳನ್ನು ತೊಳೆದು, ಹೊಳಪು ಕೊಟ್ಟು ಸಾಲಾಗಿ ನಿಲ್ಲಿಸುತ್ತಾರೆ. ಗಾಡಿಗೆ ಅಭಿಮಾನಿಗಳ ಕೊರತೆಯಿಲ್ಲ. ಕೊರತೆ ಇರುವುದು ಮೇಸ್ತ್ರಿಯ ಪಕ್ಕದ ಸ್ಟೂಲಿನಲ್ಲಿ ಕೂರುವ ಹುಡುಗರದು. ಕಲಿಯಲು ಬಂದವರೆಲ್ಲ ನಂಜನಗೂಡಿನ ಕೈಗಾರಿಕಾ ಪ್ರದೇಶದ ಸಂಬಳದ ಕೆಲಸಕ್ಕೆ ಹೊರಟುಹೋದರು. ಅವರ ಮೇಲೆ ಮೇಸ್ತ್ರಿಗೆ ಸಿಟ್ಟಿಲ್ಲ. ಒಂದು ವಾಷರ್ ಬದಲಿಸಲು ಅರ್ಧ ದಿನ ಕಿವಿಗೊಟ್ಟು ಕೂತರೆ ಬಿಲ್ಲಿನಲ್ಲಿ ಬರೆಯುವುದಾದರೂ ಏನು?

ಐಟಿಐ ಮಕ್ಕಳನ್ನು ತಿಂಗಳಿಗೊಂದು ಮಧ್ಯಾಹ್ನ ಇಂಥವರ ಬಳಿ ಕಳಿಸಬಹುದು. ಸ್ಕ್ಯಾನರ್ ಜೋಡಿಸಲು ಸಾಕೆಟ್ಟೇ ಇಲ್ಲದ ಗಾಡಿಯ ಮುಂದೆ ಕೂರಿಸಬಹುದು. ಬಿಡಿಭಾಗಗಳನ್ನು ಲೇತಿನಲ್ಲಿ ಕಡೆಸಿಕೊಳ್ಳಲು ಇಂದಿಗೂ ಸಾಧ್ಯ. ಎಡಗಡೆಯದೋ ಬಲಗಡೆಯದೋ ಎಂದು ತಿರುವಿನಲ್ಲೇ ಹೇಳುವ ಕಿವಿಯನ್ನು ಯಾವ ಲೇತೂ ಕಡೆದುಕೊಡುವುದಿಲ್ಲ. ಅದನ್ನು ಕಲಿಯಲು ಇನ್ನು ಹೆಚ್ಚು ವರ್ಷಗಳ ವಾಯಿದೆ ಇದ್ದಂತಿಲ್ಲ.