ಒಲೆ ಹಚ್ಚದೆ ಮಾಡುವ ಕೊಬ್ಬರಿ ಉಂಡೆ

ಹುನಗುಂದ ಸೀಮೆಯಲ್ಲಿ ಅಮೀನಗಡದ ಕರದಂಟು ಪ್ರಸಿದ್ಧವಾದುದು. ಅದಕ್ಕೆ ಅಂಟನ್ನು ತುಪ್ಪದಲ್ಲಿ ಕರಿಯಬೇಕು, ಬೆಲ್ಲದ ಪಾಕವನ್ನು ಹದವರಿತು ಇಳಿಸಬೇಕು. ಇಲ್ಲಿ ವಿವರಿಸುವ ಉಂಡೆಗೆ ಒಲೆಯೇ ಬೇಡ, ಒರಳೊಂದಿದ್ದರೆ ಸಾಕು.

ತೂಕದಲ್ಲಿ ಎರಡು ಪಾಲು ಒಣಕೊಬ್ಬರಿ ತುರಿಗೆ ಒಂದು ಪಾಲು ಪುಡಿಬೆಲ್ಲ ಸೇರಿಸಿ ಕುಟ್ಟತಕ್ಕದ್ದು. ಒಣಕೊಬ್ಬರಿಯಲ್ಲಿ ನೂರಕ್ಕೆ ಸುಮಾರು 65 ಪಾಲು ಎಣ್ಣೆಯಿರುವುದರಿಂದ, ಕುಟ್ಟಿದಂತೆಲ್ಲ ಜಿಡ್ಡು ಬಿಟ್ಟು ಬೆಲ್ಲದೊಡನೆ ತಾನಾಗಿ ಕೂಡಿಕೊಳ್ಳುವುದು. ನೀರು ಸೋಕಬಾರದು. ಪರಿಮಳಕ್ಕೆ ಏಲಕ್ಕಿ, ಚೂರು ಜಾಜಿಕಾಯಿ ಸಾಕು. ಸಂತೆಯ ಬಣ್ಣಗಳಿಂದ ಪ್ರಯೋಜನವಿಲ್ಲ. ಎಳ್ಳಮಾವಾಸ್ಯೆಯ ಚರಗಕ್ಕೆ ಹೊಲಕ್ಕೆ ಒಯ್ಯಲು ಇದು ಬಹಳ ಅನುಕೂಲ.

ಮುಖ್ಯ ಎಚ್ಚರಿಕೆಯು ಕೊಬ್ಬರಿಯ ಆಯ್ಕೆಯಲ್ಲಿರುವುದು. ಬಾಗಲಕೋಟೆ, ಬಾದಾಮಿ, ಇಳಕಲ್ಲಿನ ಅಂಗಡಿಗಳಲ್ಲಿ ಕೊಳ್ಳುವಾಗ ಬಟ್ಟಲಿನ ಒಳಮೈಯನ್ನು ಬಿಸಿಲಿಗೆ ಹಿಡಿದು ನೋಡಬೇಕು. ಹಳದಿ ಅಥವಾ ಹಸಿರು ಬೂಷ್ಟನ್ನು ಕೆತ್ತಿ ಒರೆಸಿ ಉಪಯೋಗಿಸುವ ಮಿತವ್ಯಯವು ಕೆಟ್ಟದು. ಅಂತಹ ಬೂಷ್ಟಿನ ಕೆಲವು ಜಾತಿಗಳಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ. ಬೇಯಿಸಿದರೂ ಅದು ಪೂರ್ಣವಾಗಿ ಅಳಿಯದು. ಬೇಯಿಸದ ಉಂಡೆಯಲ್ಲಂತೂ ಹೇಳತಕ್ಕದ್ದೇನು! ಕೆಟ್ಟ ಕೊಬ್ಬರಿಯನ್ನು ಎಮ್ಮೆಯ ಮುಂದೆಯೂ ಸುರಿಯಬಾರದು. ಆ ವಿಷದ ಅಂಶವು ಹಾಲಿನಲ್ಲಿ ಇಳಿದು ಮನೆಯ ಮಕ್ಕಳಿಗೇ ತಲಪುವುದು. ಅದನ್ನು ಹೂಳಿಬಿಡತಕ್ಕದ್ದು.